ರಿಪೇರಿಯಾಗಿ ಹುಟ್ಟಿ, ತೂಕದ ಲೆಕ್ಕದಲ್ಲಿ ಮಾರಾಟವಾದ ಶಸ್ತ್ರಚಿಕಿತ್ಸೆ

ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರಾಗಿದ್ದ ಹೊವಾರ್ಡ್ ಕೆಲ್ಲಿ 1899ರಲ್ಲಿ ಒಬ್ಬ ಹೆಂಗಸಿನ ಜೋತುಬಿದ್ದ ಹೊಟ್ಟೆಯಿಂದ ಏಳು ಕೆ.ಜಿ.ಗೂ ಹೆಚ್ಚು ಚರ್ಮ ಮತ್ತು ಕೊಬ್ಬನ್ನು ಕತ್ತರಿಸಿ ತೆಗೆದರು. ಅದಕ್ಕೂ ಮೊದಲು, 1890ರಲ್ಲಿ, ಫ್ರಾನ್ಸಿನ ವೈದ್ಯರು ಹರ್ನಿಯಾ ಹೊಲಿಯುವಾಗ ಇಂಥದ್ದೇ ಕೆಲಸ ಮಾಡಿದ್ದರು. ಆ ಕಾಲದಲ್ಲಿ ಎಷ್ಟೋ ಸಲ ಚರ್ಮದ ಜೊತೆಗೆ ಹೊಕ್ಕುಳೂ ಹೋಗುತ್ತಿತ್ತು. ಹೊಕ್ಕುಳನ್ನು ಉಳಿಸಿಕೊಂಡು, ಕೆಳಕ್ಕೆಳೆದ ಚರ್ಮದಲ್ಲಿ ಹೊಸ ತೂತು ಮಾಡಿ ಅದನ್ನು ಕೂರಿಸುವ ವಿಧಾನ ನೆಲೆಯೂರಿದ್ದು 1957ರ ನಂತರ. 1967ರಲ್ಲಿ ಬ್ರೆಜಿಲಿನ ಇವೊ ಪಿಟಾಂಗಿ ಇಂಥ 300 ಶಸ್ತ್ರಚಿಕಿತ್ಸೆಗಳ ಅನುಭವವನ್ನು ಪ್ರಕಟಿಸಿದರು. ಮುಂದೆ ಸಮುದ್ರತೀರದ ಉಡುಪಿನ ಫ್ಯಾಷನ್ನು ಗಾಯದ ಗೆರೆಯನ್ನೂ ಕೆಳಗಿಳಿಸಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಫ್ರಾನ್ಸಿನ ಇವ್ ಜೆರಾರ್ ಇಲ್ಲೂಜ್ ಸಣ್ಣ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ತಂದ ಮೇಲೆ ರಿಪೇರಿ ಮತ್ತು ಅಂದದ ನಡುವಿನ ಗೆರೆ ಪೂರ್ತಿ ಮಸುಕಾಯಿತು. ಈಗ ‘ಟಮ್ಮಿ ಟಕ್’ ಎಂಬ ಹೆಸರಿನಲ್ಲಿ ಇದರ ಜಾಹೀರಾತು ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಮೊಬೈಲುಗಳಿಗೂ ತಲುಪುತ್ತದೆ. ಒಡೆದ ಹೊಟ್ಟೆಯನ್ನು ಸರಿಮಾಡಲು ಹುಟ್ಟಿದ ಈ ಶಸ್ತ್ರಚಿಕಿತ್ಸೆ ತೂಕ ಇಳಿಸುವ ಉಪಾಯವಾಗಿ ಮಾರಾಟವಾಗುತ್ತಿದೆ. ಎಡವಟ್ಟು ಶುರುವಾಗುವುದೇ ಇಲ್ಲಿ.

ಬರೀ ಕೊಬ್ಬು ತೆಗೆಸಿದರೆ ಆರೋಗ್ಯ ಸುಧಾರಿಸುವುದಿಲ್ಲ ಎಂಬುದಕ್ಕೆ ಪುರಾವೆಯಿದೆ. 2004ರಲ್ಲಿ ಅಮೆರಿಕದ ಸಂಶೋಧಕರು 15 ಮಂದಿ ಸ್ಥೂಲಕಾಯದ ಮಹಿಳೆಯರ ಹೊಟ್ಟೆಯಿಂದ ಸುಮಾರು 10 ಕೆ.ಜಿ. ಕೊಬ್ಬು ಹೀರಿ ತೆಗೆಸಿ ಪರೀಕ್ಷಿಸಿದರು. ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿಯಾಗಲಿ, ರಕ್ತದೊತ್ತಡವಾಗಲಿ, ಕೊಲೆಸ್ಟರಾಲ್ ಆಗಲಿ ಸುಧಾರಿಸಲಿಲ್ಲ. ಸಕ್ಕರೆ ಕಾಯಿಲೆಗೆ ದಾರಿಯಾಗುವ ಕೊಬ್ಬು ಕರುಳಿನ ಸುತ್ತ ಇರುತ್ತದೆ, ಕತ್ತರಿ ಮುಟ್ಟುವುದು ಚರ್ಮದ ಕೆಳಗಿನದನ್ನು. ಗಂಡಸರ ಗಟ್ಟಿ ಹೊಟ್ಟೆ ಇದರಿಂದ ಇಳಿಯದಿರುವುದಕ್ಕೂ ಇದೇ ಕಾರಣ.

ಹಾಗಾದರೆ ಇದು ನಿಜಕ್ಕೂ ಸರಿಪಡಿಸುವುದೇನನ್ನು? ಬಸುರಿನಲ್ಲಿ ಹೊಟ್ಟೆಯ ನಡುವಿನ ಎರಡು ಉದ್ದ ಸ್ನಾಯುಗಳು ದೂರ ಸರಿಯುತ್ತವೆ. ಹೆರಿಗೆಯಾದ ಮೇಲೂ ಅವು ಕೂಡಿಕೊಳ್ಳದಿದ್ದರೆ ನಡುವೆ ಸಡಿಲ ಜಾಗ ಉಳಿಯುತ್ತದೆ. ಇದನ್ನು ಮನೆಯಲ್ಲೇ ನೋಡಿಕೊಳ್ಳಬಹುದು: ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆ ಸ್ವಲ್ಪ ಎತ್ತಿ ಹೊಕ್ಕುಳ ಮೇಲೆ ಬೆರಳು ಅಡ್ಡ ಇಡಿ. ಎರಡು ಬೆರಳಿಗಿಂತ ಹೆಚ್ಚು ಒಳಗಿಳಿದರೆ ಅಂತರವಿದೆ ಎಂದರ್ಥ. ನಾರ್ವೆಯಲ್ಲಿ 300 ಚೊಚ್ಚಲ ತಾಯಂದಿರನ್ನು ಗಮನಿಸಿದ 2016ರ ಅಧ್ಯಯನದಲ್ಲಿ, ಹೆರಿಗೆಯಾಗಿ ವರ್ಷ ಕಳೆದರೂ ಮೂರರಲ್ಲೊಬ್ಬರಿಗೆ ಈ ಅಂತರ ಉಳಿದಿತ್ತು. ಬಾಣಂತಿಗೆ ಹಳೆ ಸೀರೆಯಿಂದ ಹೊಟ್ಟೆ ಕಟ್ಟುವ ನಮ್ಮ ಪದ್ಧತಿ ನಡುವಿಗೆ ಆಸರೆ ಕೊಡುತ್ತದೆ, ಹಿತವೂ ಹೌದು, ಆದರೆ ಹಿಗ್ಗಿದ ಸ್ನಾಯುವನ್ನು ಅದೊಂದೇ ಕೂಡಿಸಲಾರದು. ಪೂರ್ಣ ಟಮ್ಮಿ ಟಕ್‌ನಲ್ಲಿ ವೈದ್ಯರು ಹೊಲಿಗೆ ಹಾಕಿ ಬಿಗಿಮಾಡುವುದು ಈ ಜಾಗವನ್ನೇ.

ಇದೆಲ್ಲ ಉಳ್ಳವರ ಶೋಕಿ, ಮಳೆ ಕೈಕೊಡುವ ಶಿರಾ–ಪಾವಗಡದ ಹೆಂಗಸರಿಗೆ ಯಾಕೆ ಎಂಬ ಆಕ್ಷೇಪವಿದೆ. ಗದ್ದೆ, ಕೊಟ್ಟಿಗೆಯ ಕೆಲಸಕ್ಕೆ ನಡು ಬಗ್ಗಿಸಲೇಬೇಕಾದವರಿಗೆ ಹೊಟ್ಟೆಯ ಸ್ನಾಯು ಶೋಕಿಯಲ್ಲ ಎಂಬುದು ಒಂದು ಉತ್ತರ. ಆಸ್ಟ್ರೇಲಿಯಾದಲ್ಲಿ 214 ಮಹಿಳೆಯರನ್ನು ಗಮನಿಸಿದ 2018ರ ಅಧ್ಯಯನ, ಈ ಶಸ್ತ್ರಚಿಕಿತ್ಸೆಯ ನಂತರ ಸೊಂಟನೋವು ಮತ್ತು ಮೂತ್ರ ಸೋರಿಕೆ ಎರಡೂ ಕಡಿಮೆಯಾದವು ಎಂದು ಹೇಳಿತು. ಆದರೆ ಅಲ್ಲಿ ಹೋಲಿಕೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರ ಗುಂಪು ಇರಲಿಲ್ಲ. ನಾರ್ವೆಯ ಅಧ್ಯಯನವಂತೂ ಅಂತರವಿದ್ದವರಿಗೆ ಸೊಂಟನೋವು ಹೆಚ್ಚೇನೂ ಇರಲಿಲ್ಲ ಎಂದಿತು. ಎರಡನ್ನೂ ಎದುರಿಟ್ಟುಕೊಂಡು ನೋಡಿದರೆ ಸೊಂಟನೋವಿಗೆಲ್ಲ ಕತ್ತರಿಯೇ ಮದ್ದು ಎನ್ನುವುದು ಅತಿಯಾಯಿತು. ಮೊದಲು ಫಿಸಿಯೋಥೆರಪಿ, ಕೆಲವು ತಿಂಗಳ ವ್ಯಾಯಾಮ. ಅದಕ್ಕೂ ಬಗ್ಗದೆ ಚರ್ಮವೂ ಜೋತುಬಿದ್ದಿದ್ದರೆ ಶಸ್ತ್ರಚಿಕಿತ್ಸೆಯ ಮಾತು.

ಆ ಮಾತು ಬಂದಾಗ ಬಗೆಗಳು ತಿಳಿದಿರಲಿ. ಹೊಕ್ಕುಳ ಕೆಳಗಷ್ಟೇ ಸಡಿಲವಿದ್ದರೆ ಮಿನಿ, ಸ್ನಾಯುವೂ ಸರಿದಿದ್ದರೆ ಸೊಂಟದಿಂದ ಸೊಂಟಕ್ಕೆ ಗೆರೆ ಬೀಳುವ ಪೂರ್ಣ ಬಗೆ, ಜಠರವನ್ನು ಕಿರಿದಾಗಿಸುವಂಥ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಿಂದ ತುಂಬಾ ತೂಕ ಇಳಿಸಿದವರಿಗೆ ಬೆನ್ನವರೆಗೂ ಸುತ್ತುವ ಬಗೆ. ಇನ್ನೊಂದು ಮಗು ಬೇಕಿದ್ದರೆ ಈಗ ಬೇಡ. ಮಾಡಿಸಿಕೊಂಡರೆ ಎದುರಾಗುವುದು ಇವು: ಎರಡು ಗಂಟೆಗೂ ಮೀರಿದ ಅರಿವಳಿಕೆ, ದ್ರವ ಹೊರಹಾಕುವ ಕೊಳವೆ, ಒಂದೆರಡು ವಾರ ಬಗ್ಗಿಕೊಂಡೇ ನಡಿಗೆ, ವಾರಗಟ್ಟಲೆ ಬಿಗಿಪಟ್ಟಿ, ತಿಂಗಳುಗಟ್ಟಲೆ ಜೋಮು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಸುಮಾರು ಆರು ವಾರ ಭಾರ ಎತ್ತುವಂತಿಲ್ಲ. ನೀರಿನ ಘಟಕದಿಂದ ತರುವ ಒಂದು ಕ್ಯಾನ್ 20 ಲೀಟರ್, ಅಂದರೆ 20 ಕೆ.ಜಿ. ಅದನ್ನು ಎತ್ತಿಕೊಡಲು ಮನೆಯಲ್ಲಿ ಯಾರಿದ್ದಾರೆ ಎಂಬುದು ವೈದ್ಯರ ಪ್ರಶ್ನೆಗಳಷ್ಟೇ ಮುಖ್ಯ. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು ಹಾಕುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಎಳೆದು ಹೊಲಿದ ಚರ್ಮ ಕಪ್ಪಾಗಿ ಸಾಯಬಹುದು. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು.

ಖರ್ಚಿನ ವಿಚಾರ ಬೇಗ ಮುಗಿಯುತ್ತದೆ: ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಹಾಗಾಗಿ ಅಗ್ಗದ ಕ್ಲಿನಿಕ್ ಹುಡುಕುವ ಆಸೆ ಸಹಜ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ಜೀವ ಕಳೆದುಕೊಂಡದ್ದು ನೆನಪಿರಲಿ. ಕರ್ನಾಟಕದಲ್ಲಿ ಪ್ರತಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಲೇಬೇಕು. ಆ ಪ್ರಮಾಣಪತ್ರ ಕೇಳಿ ನೋಡಿ. ಶಸ್ತ್ರಚಿಕಿತ್ಸಕರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದವರೇ, ಅರಿವಳಿಕೆ ತಜ್ಞರು ಕೊನೆಯವರೆಗೂ ಇರುತ್ತಾರೆಯೇ, ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ ಎಂದು ವಿಚಾರಿಸಿ. ಹೊಕ್ಕುಳ ಬಳಿ ಗಂಟು ಉಬ್ಬಿ ನೋಯುತ್ತಿದ್ದರೆ ಅದು ಹರ್ನಿಯಾ ಇರಬಹುದು. ಅದಕ್ಕೆ ಟಮ್ಮಿ ಟಕ್ ಜಾಹೀರಾತಿನ ನಂಬರಿಗೆ ಫೋನ್ ಮಾಡಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಯ ಸರ್ಜನ್ನರಿಗೆ ತೋರಿಸಿ.