ದೂರವಾಣಿಯ ಮೂಲಕ ಶ್ವಾಸರೋಗಿಗಳ ಆರೈಕೆ

ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ತಾಲೂಕುಗಳು ಕಡಲಿಗೂ ಘಟ್ಟಕ್ಕೂ ನಡುವೆ ಹಬ್ಬಿರುವ ನಾಡು. ಇಲ್ಲಿಯ ಮನೆಗಳು ಗದ್ದೆ ತೋಟಗಳ ನಡುವೆ ಚದುರಿವೆ. ಎಷ್ಟೋ ಮನೆಗಳಿಂದ ಬಸ್ಸು ಹಿಡಿಯಬೇಕಾದರೆ ಗುಡ್ಡದ ಏರನ್ನು ಹತ್ತಲೇಬೇಕು. ಗಟ್ಟಿಮುಟ್ಟಾದವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ನಾಲ್ಕು ಹೆಜ್ಜೆಗೆ ದಮ್ಮು ಕಟ್ಟುವ ವೃದ್ಧನಿಗೆ ಆಸ್ಪತ್ರೆಯ ದಾರಿಯೇ ಚಿಕಿತ್ಸೆಗೆ ಅಡ್ಡಿಯಾಗುತ್ತದೆ.

ವೈದ್ಯರು ಸಿ.ಒ.ಪಿ.ಡಿ. ಎಂದು ಕರೆಯುವ ಈ ಕಾಯಿಲೆಯಲ್ಲಿ ಶ್ವಾಸನಾಳಗಳು ವರ್ಷಗಳು ಕಳೆದಂತೆ ಕಿರಿದಾಗಿ, ಒಳಹೊಕ್ಕ ಗಾಳಿ ಪೂರ್ಣವಾಗಿ ಹೊರಬರುವುದಿಲ್ಲ. ಬೀಡಿ ಸಿಗರೇಟುಗಳು ಇದಕ್ಕೆ ಮುಖ್ಯ ಕಾರಣವಾದರೂ ಅವುಗಳೇ ಎಲ್ಲವೂ ಅಲ್ಲ. ಸೌದೆಯ ಒಲೆಯ ಹೊಗೆ, ಮಡಲು ಉರಿಸುವ ಬಚ್ಚಲೊಲೆಯ ಹೊಗೆ, ದುಡಿಮೆಯ ಜಾಗದ ಧೂಳು, ಹಿಂದೆ ಬಂದುಹೋದ ಕ್ಷಯ ಇವೂ ಕಾರಣಗಳೇ. ಧೂಮಪಾನವನ್ನೇ ಅರಿಯದ ಗೃಹಿಣಿಯರಲ್ಲಿಯೂ ರೋಗ ಕಾಣಿಸಿಕೊಳ್ಳುವುದು ಇದರಿಂದಲೇ. 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಈ ರೋಗವಿತ್ತೆಂದು ಅಂದಾಜು ಮಾಡಲಾಗಿದೆ. ಇದನ್ನು ಬೇರುಸಹಿತ ಕೀಳಲಾಗದು, ಉಲ್ಬಣಿಸದಂತೆ ತಡೆಯಬಹುದು.

ರೋಗವನ್ನು ಮೊದಲು ಗುರುತಿಸಲು ಮಾತ್ರ ರೋಗಿ ವೈದ್ಯರ ಎದುರಿಗೆ ಬರಲೇಬೇಕು. ಉಸಿರನ್ನು ಬಲವಾಗಿ ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯಿಲ್ಲದೆ ಸಿ.ಒ.ಪಿ.ಡಿ.ಯನ್ನು ಖಚಿತಪಡಿಸಲಾಗುವುದಿಲ್ಲ. ದೂರವಾಣಿಯ ಕೆಲಸ ಆರಂಭವಾಗುವುದು ಅನಂತರ. ಏಕೆಂದರೆ ಈ ರೋಗಿಗಳಿಗೆ ಬೇಕಾದುದು ಒಂದು ದಿನದ ದೊಡ್ಡ ಚಿಕಿತ್ಸೆಯಲ್ಲ, ವರ್ಷವಿಡೀ ನಡೆಯುವ ಸಣ್ಣ ಸಣ್ಣ ತಿದ್ದುಪಡಿಗಳು.

ಇನ್‌ಹೇಲರನ್ನೇ ನೋಡಬಹುದು. ಒತ್ತಿ ಸೇದುವ ಬಗೆಯದರಲ್ಲಿ ಮೆಲ್ಲಗೆ, ಆಳವಾಗಿ ಉಸಿರೆಳೆದು ಸುಮಾರು ಹತ್ತು ಸೆಕೆಂಡು ತಡೆಹಿಡಿಯಬೇಕು; ಪುಡಿಯ ಬಗೆಯದರಲ್ಲಿ ರಭಸದಿಂದ ಎಳೆಯಬೇಕು. ಕ್ರಮ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ರೋಗಿ ಔಷಧವನ್ನೇ ದೂರುತ್ತಾನೆ. ಮೊಬೈಲಿನ ತೆರೆಯಲ್ಲಿ ಇದನ್ನು ಕಂಡ ವೈದ್ಯರು ಎರಡು ನಿಮಿಷಗಳಲ್ಲಿ ತಿದ್ದಬಲ್ಲರು. ದೀಪದ ಕುಡಿ ಆರದೆ ಅಲುಗುವಷ್ಟು ಮೆಲ್ಲಗೆ, ತುಟಿ ಕಿರಿದುಮಾಡಿ ಉಸಿರು ಬಿಡುವುದನ್ನೂ ಹಾಗೆಯೇ ಕಲಿಸಬಹುದು.

ಶ್ವಾಸಕೋಶದ ಪುನಶ್ಚೇತನವೆಂಬ ವ್ಯಾಯಾಮಕ್ರಮ ಸಾಮಾನ್ಯವಾಗಿ ವಾರಕ್ಕೆ ಎರಡು ಬಾರಿಯಾದರೂ, ಆರರಿಂದ ಎಂಟು ವಾರ ನಡೆಯಬೇಕು. ಕೊಲ್ಲೂರಿನ ಕಡೆಯ ರೋಗಿಯೊಬ್ಬನು ಇದಕ್ಕಾಗಿ ಮಣಿಪಾಲಕ್ಕೆ ಹತ್ತು ಹದಿನೈದು ಬಾರಿ ಹೋಗಿಬರುವುದು ಸುಲಭವಲ್ಲ. 2021ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆ ವಿವಿಧ ದೇಶಗಳ 15 ಅಧ್ಯಯನಗಳನ್ನು ಪರಿಶೀಲಿಸಿತು. ದೂರದಿಂದ ನಡೆಸಿದ ವ್ಯಾಯಾಮದ ಫಲ ಆಸ್ಪತ್ರೆಯಲ್ಲಿ ನಡೆಸಿದ್ದಕ್ಕೆ ಸರಿಸಮವಾಗಿಯೇ ಇತ್ತು. ಕ್ರಮವನ್ನು ಪೂರೈಸಿದವರು ಮಾತ್ರ ಆಸ್ಪತ್ರೆಯಲ್ಲಿ ನೂರಕ್ಕೆ 70, ದೂರದಿಂದ ನೂರಕ್ಕೆ 93.

ಕರ್ನಾಟಕಕ್ಕೆ ದೂರವೈದ್ಯಕೀಯ ಹೊಸದೇನೂ ಅಲ್ಲ. ಈ ಶತಮಾನದ ಆರಂಭದಲ್ಲಿಯೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೂರವೈದ್ಯಕೀಯದ ಮಾರ್ಗಸೂಚಿಯನ್ನು ಪ್ರಕಟಿಸಿತು. ಸರ್ಕಾರದ ಇ-ಸಂಜೀವನಿ ವ್ಯವಸ್ಥೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದಿಂದ ದೂರದ ವೈದ್ಯರ ಸಲಹೆ ಪಡೆಯಬಹುದಾಗಿದೆ.

ಇದರ ಮಿತಿಯನ್ನೂ ಅರಿತಿರಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮಳೆಗಾಲದ ತಣ್ಣನೆಯ ಬೆರಳಿನಲ್ಲಿ ತಪ್ಪು ತೋರಿಸಬಹುದು. ಮನೆಯಲ್ಲಿ ಆಮ್ಲಜನಕ ಪಡೆಯುವವರಿಗೆ ಅದನ್ನು ತಾವಾಗಿಯೇ ಹೆಚ್ಚಿಸಕೂಡದು. ಇಂತಹ ಅನೇಕರಿಗೆ ವೈದ್ಯರು ಸೂಚಿಸುವ ಮಟ್ಟ 88ರಿಂದ 92 ಮಾತ್ರ, ಅತಿಯಾದರೆ ಅಪಾಯ. ಕುಳಿತಲ್ಲೇ ಏದುಸಿರು, ಒಂದು ವಾಕ್ಯವನ್ನೂ ಮುಗಿಸಲಾಗದ ಸ್ಥಿತಿ, ತುಟಿ ನೀಲಿಯಾಗುವುದು, ಮಂಪರು ಇವು ಕಂಡರೆ ಸಲಹೆಗೆ ಕಾಯದೆ 108ಕ್ಕೆ ಕರೆಮಾಡಬೇಕು.

ಯಂತ್ರವಿದ್ದರೂ ಅದನ್ನು ಹಿಡಿದು ಪಕ್ಕದಲ್ಲಿ ಕೂರುವ ಮನುಷ್ಯನಿಲ್ಲದಿದ್ದರೆ ಫಲವಿಲ್ಲ. ಈ ಸೀಮೆಯ ಅನೇಕ ಮನೆಗಳ ಮಕ್ಕಳು ಬೆಂಗಳೂರು ಮುಂಬಯಿಗಳಲ್ಲಿ ದುಡಿಯುತ್ತಿದ್ದಾರೆ. ಅವರೂ ಅಲ್ಲಿಂದಲೇ ವೈದ್ಯರ ಕರೆಯಲ್ಲಿ ಸೇರಬಹುದು. ಊರಿನಲ್ಲಿರುವ ಅಧ್ಯಾಪಕರು ನೆರೆಯ ವೃದ್ಧರಿಗೆ ಹದಿನೈದು ದಿನಕ್ಕೊಮ್ಮೆ ಕರೆ ಜೋಡಿಸಿಕೊಡಬಹುದು. ದಾನಿಗಳು ಉಪಕೇಂದ್ರಕ್ಕೆ ಒಂದು ಒಳ್ಳೆಯ ಆಕ್ಸಿಮೀಟರನ್ನು ಒದಗಿಸಬಹುದು. ಇಷ್ಟಾದರೂ ನಡೆದರೆ, ಗುಡ್ಡ ಹತ್ತಲಾರದೆ ಚಿಕಿತ್ಸೆಯನ್ನೇ ಬಿಟ್ಟ ಅನೇಕರು ಮತ್ತೆ ವೈದ್ಯರ ಕಣ್ಣಳತೆಗೆ ಬರುವರು.