ಗಾಮಾ ಸ್ಫೋಟದ ಧಾರೆಯ ಆಕಾರವನ್ನು ಕ್ಷ-ಕಿರಣಗಳಿಂದ ಊಹಿಸುವ ಬಗೆ

ಬಾದಾಮಿಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಶಾಸನದಲ್ಲಿ ಶಕ 465 ಎಂಬ ಒಂದೇ ಗಣನೆಯುಂಟು. ಹುನಗುಂದ ಸೀಮೆಯ ಐಹೊಳೆಯ ಮೇಗುತಿ ಶಾಸನವಾದರೋ ಭಾರತಯುದ್ಧದಿಂದ 3735, ಶಕ 556 ಎಂದು ಎರಡು ಗಣನೆಗಳನ್ನು ಕೊಡುತ್ತದೆ, ಎರಡೂ ಕ್ರಿ.ಶ. 634-35ರಲ್ಲಿ ಕೂಡುತ್ತವೆ. ಇಂತಹ ಜೋಡಿಸಾಕ್ಷ್ಯದ ಬೆಲೆಯನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗಳಾದ ನಾವು ಖಗೋಳವಿಜ್ಞಾನದಲ್ಲಿಯೂ ಅದೇ ವಿಧಾನವನ್ನು ಕಾಣುತ್ತೇವೆ.

ಗಾಮಾ ಕಿರಣಗಳ ಸ್ಫೋಟಗಳನ್ನು 1967ರಲ್ಲಿ ವೇಲಾ ಉಪಗ್ರಹಗಳು ಮೊದಲು ದಾಖಲಿಸಿದವು. ವಾರ್ತೆ 1973ರಲ್ಲಿ ಪ್ರಕಟವಾಯಿತು. 1997ರಲ್ಲಿ ಬೆಪ್ಪೋಸ್ಯಾಕ್ಸ್ ಉಪಗ್ರಹವು ಸ್ಫೋಟದ ತರುವಾಯ ಮೆಲ್ಲಗೆ ಕುಂದುವ ಕ್ಷ-ಕಿರಣಗಳ ಉಳಿಬೆಳಕನ್ನು ಕಂಡಿತು. 1999ರ ಜನವರಿ 23ರ ಸ್ಫೋಟವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡಿತ್ತೆಂದು ಭಾವಿಸಿದರೆ, ಸೂರ್ಯನ ಸಮಸ್ತ ದ್ರವ್ಯವನ್ನು ಶಕ್ತಿಯಾಗಿ ಮಾರ್ಪಡಿಸಿದರೂ ಸಾಲದು. ಆದುದರಿಂದ ಅದು ಕಿರಿದಾದ ಧಾರೆಯಾಗಿ ಚಿಮ್ಮಿರಬೇಕೆಂಬ ಊಹೆ ಬಲಗೊಂಡಿತು.

ಆ ಧಾರೆಯ ಅಗಲವನ್ನು ಅಳೆಯುವುದೆಂತು? ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಿಂದ ಬರುವ ದ್ರವ್ಯದ ಪ್ರಕಾಶವು ಮುಂದಕ್ಕೆ ಕೇಂದ್ರೀಕೃತವಾಗುತ್ತದೆ. ನಮಗೆ ಧಾರೆಯ ಅಲ್ಪಭಾಗ ಮಾತ್ರವೇ ಕಾಣುತ್ತದೆ. ಲೊರೆಂಟ್ಸ್ ಗುಣಕವು 100 ಇದ್ದಾಗ ಕಾಣುವುದು ಸುಮಾರು 0.6 ಡಿಗ್ರಿ, ವೇಗ ಕುಗ್ಗಿ ಗುಣಕವು 10ಕ್ಕೆ ಇಳಿದಾಗ 5.7 ಡಿಗ್ರಿ. ಕಾಣುವ ಭಾಗ ಧಾರೆಯ ಅಂಚನ್ನು ಮುಟ್ಟಿದೊಡನೆ ಉಳಿಬೆಳಕು ಮೊದಲಿಗಿಂತ ಬೇಗ ಕುಂದತೊಡಗುತ್ತದೆ. ಈ ತಿರುವು ಬೇಗ ಬಂದರೆ ಧಾರೆ ಕಿರಿದು, ತಡವಾದರೆ ಅಗಲ.

ಇದರ ಫಲ ಅಲ್ಪವಲ್ಲ. ಅರ್ಧಕೋನವು 5 ಡಿಗ್ರಿಯಾದರೆ ನಿಜವಾದ ಶಕ್ತಿ ಮೊದಲಿನ ಲೆಕ್ಕದ ಸುಮಾರು 260ರಲ್ಲಿ ಒಂದು ಪಾಲು. ಅಂತೆಯೇ ನಾವು ಕಾಣುವ ಒಂದೊಂದು ಸ್ಫೋಟಕ್ಕೆ ಕಾಣದವು ಸುಮಾರು 260. ಕೋನವು 10 ಡಿಗ್ರಿಯಾದರೆ ಈ ಸಂಖ್ಯೆ 66ಕ್ಕೆ ಇಳಿಯುತ್ತದೆ.

ಆದರೆ ತಿರುವಿಗೆ ಬೇರೆ ಕಾರಣಗಳೂ ಇರಬಹುದು. ಅದು ಧಾರೆಯ ಆಕಾರದಿಂದಲೇ ಆದುದಾದರೆ ಕ್ಷ-ಕಿರಣಗಳಲ್ಲಿಯೂ ಗೋಚರ ಬೆಳಕಿನಲ್ಲಿಯೂ ಏಕಕಾಲಕ್ಕೆ ಕಾಣಬೇಕು. ಹಾಗೆ ಕಾಣದ ಸ್ಫೋಟಗಳೂ ಉಂಟು. 2017ರ ಆಗಸ್ಟ್ 17ರ ಸ್ಫೋಟದಲ್ಲಿ ಕ್ಷ-ಕಿರಣಗಳು 9 ದಿನಗಳ ಬಳಿಕ ಕಾಣಿಸಿಕೊಂಡು, ತಿಂಗಳುಗಟ್ಟಲೆ ಏರಿ ಇಳಿದವು. ಆ ಏರಿಕೆಗೆ ಎರಡು ಅರ್ಥಗಳು ಸಾಧ್ಯವಿದ್ದವು. ರೇಡಿಯೋ ದೂರದರ್ಶಕಗಳು ಪ್ರಕಾಶಬಿಂದುವಿನ ಚಲನೆಯನ್ನು ಅಳೆದ ಮೇಲೆಯೇ, ಅದು ನಮ್ಮ ದಿಕ್ಕಿನಿಂದ ಸುಮಾರು 20 ಡಿಗ್ರಿ ಓರೆಯಾದ ಕಿರಿದಾದ ಧಾರೆಯೆಂಬುದು ಸ್ಥಿರವಾಯಿತು. 2015ರಲ್ಲಿ ಉಡಾಯಿಸಲ್ಪಟ್ಟು ಬೆಂಗಳೂರಿನಿಂದ ನಿಯಂತ್ರಿತವಾದ ಆಸ್ಟ್ರೋಸ್ಯಾಟ್ ಉಪಗ್ರಹವು ಹಲವು ಸ್ಫೋಟಗಳ ಕಿರಣಗಳ ಧ್ರುವೀಕರಣವನ್ನು ಅಳೆದು ಮತ್ತೊಂದು ಬಗೆಯ ಸಾಕ್ಷ್ಯವನ್ನು ಒದಗಿಸಿತು.

ಒಂಟಿ ತಿರುವಿನಿಂದ ಪಡೆದ ಕೋನವನ್ನು, ಒಂದೇ ಗಣನೆಯುಳ್ಳ ಶಾಸನದಂತೆ, ಬೇರೊಂದು ಆಧಾರದೊಡನೆ ಹೋಲಿಸಿಯೇ ಅಂಗೀಕರಿಸತಕ್ಕದ್ದು.