ಉಚಿತ ಇಂಟರ್ನೆಟ್ ಬೇಡ ಎಂದದ್ದೇಕೆ?

ಬಡವರಿಗೆ ಉಚಿತವಾಗಿ ಇಂಟರ್ನೆಟ್ ಕೊಡುತ್ತೇವೆಂದರೆ ಬೇಡ ಎನ್ನುವುದು ಸರಿಯೇ? ನೆಟ್ ನ್ಯೂಟ್ರಾಲಿಟಿ ಬಗ್ಗೆ ಓದುವಾಗ ನನಗೆ ಮೊದಲು ಬಂದ ಪ್ರಶ್ನೆ ಇದು. ಟೆಲಿಕಾಂ ಕಂಪನಿಗಳು ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕು ಎಂಬುದೇ ಈ ತತ್ವ.

2015ರಲ್ಲಿ ಫೇಸ್‌ಬುಕ್, ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ ಭಾರತದಲ್ಲಿ ಒಂದು ಸೇವೆ ಆರಂಭಿಸಿತು. ಮುಂದೆ ಅದಕ್ಕೆ ಫ್ರೀ ಬೇಸಿಕ್ಸ್ ಎಂಬ ಹೆಸರು ಬಂತು. ಡೇಟಾಗೆ ದುಡ್ಡಿಲ್ಲ, ಆದರೆ ಯೋಜನೆಗೆ ಸೇರಿದ ತಾಣಗಳು ಮಾತ್ರ ಸಿಗುತ್ತಿದ್ದವು. ಏನೂ ಇಲ್ಲದವರಿಗೆ ಅಷ್ಟಾದರೂ ಸಿಗಲಿ ಎಂಬುದು ಪರ ವಾದ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಆದರೆ ಯಾವ ತಾಣ ಉಚಿತವೆಂದು ತೀರ್ಮಾನಿಸುವವರು ಯಾರು? ನಾಳೆ ನಮ್ಮಲ್ಲೊಬ್ಬರು ಬ್ಯಾರಿ ಭಾಷೆಯ ಪದಕೋಶದ ತಾಣ ಮಾಡಿದರೆನ್ನಿ. ದೊಡ್ಡವರದು ಉಚಿತ, ನಮ್ಮದಕ್ಕೆ ಮಾತ್ರ ದುಡ್ಡು ಎಂದಾದರೆ ಇತ್ತ ಬರುವವರಾರು?

2016ರ ಫೆಬ್ರವರಿ 8ರಂದು ಟ್ರಾಯ್, ನೋಡುವ ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ಡೇಟಾ ದರ ವಿಧಿಸುವುದನ್ನು ನಿಷೇಧಿಸಿತು. ಫ್ರೀ ಬೇಸಿಕ್ಸ್ ಭಾರತದಲ್ಲಿ ನಿಂತಿತು. ದುಡ್ಡಿಲ್ಲದವರ ಪ್ರಶ್ನೆ ಮಾತ್ರ ಉಳಿಯಿತು. ಅದೇ ಡಿಸೆಂಬರಿನಲ್ಲಿ, ಗ್ರಾಮೀಣ ಗ್ರಾಹಕರಿಗೆ ತಿಂಗಳಿಗೆ 100 ಎಂಬಿಯಷ್ಟು ಡೇಟಾ ಉಚಿತವಾಗಿ ಕೊಡಬಹುದೆಂದು ಟ್ರಾಯ್ ಶಿಫಾರಸು ಮಾಡಿತು. ಹೀಗೆ ಕೊಟ್ಟರೆ ಏನು ನೋಡಬೇಕೆಂಬ ಆಯ್ಕೆ ಪಡೆದವರ ಕೈಯಲ್ಲೇ ಇರುತ್ತದೆ. ನನಗೆ ಸರಿಯೆನಿಸಿದ್ದು ಈ ದಾರಿಯೇ.